ಸ್ಪೀಕರಿಗೂ ಗೋಡೆಗೂ ನಡುವೆ ನಾಲ್ಕಡಿ

ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಗೆಳೆಯ ಹೋದ ದೀಪಾವಳಿಗೆ ಎದೆಯೆತ್ತರದ ಸ್ಪೀಕರ್ ಜೋಡಿ ತಂದ. ಬೆಲೆ ಕೇಳಿದೆ. ಹೆಂಡತಿ ಕೂತ ಕಡೆ ಕಣ್ಣು ಹೊರಳಿಸಿ ಸುಮ್ಮನಾದ. ಬೆಂಗಳೂರಿನ ಅಂಗಡಿಯೊಂದರಲ್ಲಿ ಮೂರು ತಾಸು ಕೂತು, ನಾಲ್ಕು ಜೋಡಿ ಕೇಳಿ, ಅದನ್ನೇ ಆರಿಸಿದ್ದನಂತೆ. ಮನೆಯಲ್ಲಿ ಹಚ್ಚಿದ ದಿನ ರಾತ್ರಿಯೇ ಫೋನ್ ಬಂತು.

“ಅಲ್ಲಿ ಹಿಂಗ ಇರಲಿಲ್ಲಪಾ. ಇಲ್ಲಿ ತಬಲಾದ ಡಗ್ಗಾ ಬಾರಿಸಿದ್ರ ಖಾಲಿ ನೀರಿನ ಟಾಕಿ ಬಡದಂಗ ಕೇಳ್ತೈತಿ. ಸ್ಪೀಕರ್ ಕೆಟ್ಟಾವೇನು ನೋಡ ಬಾ.”

ಮರುದಿನ ಅಳತೆಯ ಟೇಪು ಹಿಡಿದು ಹೋದೆ. ಸ್ಪೀಕರಿಗೆ ಏನೂ ಆಗಿರಲಿಲ್ಲ. ಕೋಣೆ 16 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ನೆಲಕ್ಕೆ ನುಣುಪು ಟೈಲ್ಸ್, ಒಂದು ಬದಿಗೆ ದೊಡ್ಡ ಗಾಜಿನ ಕಿಟಕಿ. ಸ್ಪೀಕರ್‌ಗಳು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದವು. ಸೋಫಾ ಕೋಣೆಯ ನಟ್ಟನಡುವೆ.

ಧ್ವನಿ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಆ ಲೆಕ್ಕದಲ್ಲಿ 70 ಹರ್ಟ್ಸಿನ, ಅಂದರೆ ಸೆಕೆಂಡಿಗೆ 70 ಸಲ ಅದುರುವ, ಒಂದು ಅಲೆಯ ಉದ್ದ ಹೆಚ್ಚುಕಡಿಮೆ 16 ಅಡಿ. ಗೆಳೆಯನ ಕೋಣೆಯ ಉದ್ದವೂ ಅಷ್ಟೇ! ಹೋಗುವ ಅಲೆ, ಗೋಡೆಗೆ ಬಡಿದು ತಿರುಗಿ ಬರುವ ಅಲೆ ಎರಡೂ ಒಂದರ ಮೇಲೊಂದು ಕೂತು ಅಲ್ಲಲ್ಲೇ ನಿಂತುಬಿಡುತ್ತವೆ. ಎರಡೂ ತುದಿಯ ಗೋಡೆಗಳ ಹತ್ತಿರ ಮತ್ತು ನಟ್ಟನಡುವೆ ಅದರ ಒತ್ತಡ ಅತಿ ಹೆಚ್ಚು. ತುದಿಯ ಗೋಡೆಗಳಿಂದ ನಾಲ್ಕು ನಾಲ್ಕಡಿ ದೂರದಲ್ಲಿ ಅದು ಬಹುತೇಕ ಸೊನ್ನೆ. ನನ್ನ ಗೆಳೆಯ ಸ್ಪೀಕರ್ ಇಟ್ಟದ್ದೂ ಅಬ್ಬರದ ಜಾಗದಲ್ಲಿ, ತಾನು ಕೂತದ್ದೂ ಅಬ್ಬರದ ಜಾಗದಲ್ಲಿ. ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂತರೂ ಇದೇ ಕತೆ: ಕೋಣೆಯ 12 ಅಡಿ ಅಗಲ 47 ಹರ್ಟ್ಸಿನ ಆಸುಪಾಸಿನಲ್ಲಿ ಗುಂಯ್ಗುಡುತ್ತದೆ, 10 ಅಡಿ ಎತ್ತರ 56ರ ಆಸುಪಾಸಿನಲ್ಲಿ. ಉದ್ದ ಅಗಲ ಎರಡೂ ಒಂದೇ ಇರುವ ಚೌಕದ ಕೋಣೆಯಲ್ಲಿ ಎರಡು ಗುಂಗು ಒಂದೇ ಸ್ವರದ ಮೇಲೆ ಬಂದು ಕೂರುತ್ತವೆ. ಎಷ್ಟೋ ಮನೆಗಳಲ್ಲಿ ಸಂಗೀತಕ್ಕೆಂದು ಬಿಟ್ಟುಕೊಡುವ ಕೋಣೆ ಅದೇ ಚೌಕದ್ದು ಆಗಿರುತ್ತದೆ ಅನ್ನುವುದು ಬೇರೆ ಮಾತು.

ಡಗ್ಗಾದ ಮೇಲೆ ಅಂಗೈ ಒತ್ತಿ ನಾದವನ್ನು ಮೇಲಕ್ಕೆ ಜಾರಿಸುವುದನ್ನು ನೀವು ಎದುರು ಕೂತು ನೋಡಿರುತ್ತೀರಿ. ಆ ಜಾರಿಕೆ ಒಂದೇ ಎಳೆಯಾಗಿ ಕೇಳಬೇಕು. ಗೆಳೆಯನ ಮನೆಯಲ್ಲಿ ಅದು 70 ಹರ್ಟ್ಸಿನ ಮೇಲೆ ಹಾಯುವಾಗ ಒಮ್ಮೆಲೇ ಉಬ್ಬಿ, ದಾಟಿದ ಮೇಲೆ ಕುಗ್ಗುತ್ತಿತ್ತು. ನೀರಿನ ಟಾಕಿ ಅಂದನಲ್ಲ, ಅದು ಇದೇ.

ಸ್ಪೀಕರ್ ಎರಡನ್ನೂ ಗೋಡೆಯಿಂದ ನಾಲ್ಕಡಿ ಮುಂದಕ್ಕೆ ಎಳೆದೆವು, ಅಳತೆ ಕೋನಿನ (ಅಲುಗಿ ಧ್ವನಿ ಹೊಮ್ಮಿಸುವ ತಟ್ಟೆ) ತನಕ. ಸೋಫಾ ಎರಡಡಿ ಹಿಂದಕ್ಕೆ ಸರಿಯಿತು. ಅದೇ ರೆಕಾರ್ಡಿಂಗ್ ಮತ್ತೆ ಹಚ್ಚಿದಾಗ ಡಗ್ಗಾ ಡಗ್ಗಾದಂತೆಯೇ ಕೇಳಿಸಿತು. ಗೋಡೆಗೆ ಹೋಗಿ ಬರುವ ಅಲೆಗೆ ಒಟ್ಟು ಎಂಟಡಿ ದಾರಿ. 70 ಹರ್ಟ್ಸಿನ ಅಲೆಗೆ ಅದು ಅರ್ಧ ಅಲೆಯುದ್ದ. ಹೀಗಾಗಿ ಮರಳಿ ಬಂದದ್ದು ಸ್ಪೀಕರಿನ ನೇರ ಅಲೆಗೆ ತದ್ವಿರುದ್ಧವಾಗಿ ನಿಂತು ಅದನ್ನು ಕುಗ್ಗಿಸುತ್ತದೆ. ಇಷ್ಟೇ ಗುಟ್ಟು. ನಾಲ್ಕಡಿ ಬಿಡಲು ಮನಸ್ಸಿಲ್ಲದೆ ಎರಡಡಿಗೇ ನಿಲ್ಲಿಸಿದ್ದರೆ ಅದೇ ಕುಗ್ಗುವಿಕೆ 140 ಹರ್ಟ್ಸಿನ ಆಸುಪಾಸಿಗೆ ಬೀಳುತ್ತಿತ್ತು. ಹಾರ್ಮೋನಿಯಂ ಪೇಟಿಯ ಲೆಕ್ಕದಲ್ಲಿ ಅದು ಮಂದ್ರದ ‘ಕರಿ ಒಂದು’, ಅಂದರೆ ಮೊದಲ ಕರಿ ಮನೆ. ಆ ಶ್ರುತಿಯಲ್ಲಿ ಹಾಡುವ ಗಂಡಸಿನ ಷಡ್ಜಕ್ಕೇ ತೂತು ಬಿದ್ದಂತೆ.

ಇಷ್ಟು ವಿಸ್ತಾರಕ್ಕೆ ಯಾಕೆ ಹೋದೆನೆಂದರೆ, ದುಬಾರಿ ಸ್ಪೀಕರ್‌ಗಳ ಹೋಲಿಕೆಯಲ್ಲಿ ಜನ ಮೊದಲು ಮಾತಾಡುವುದೇ ಬೇಸ್, ಅಂದರೆ ತಗ್ಗಿನ ಸ್ವರಗಳ, ಬಗ್ಗೆ. ಇಂಥ ಸಾಧಾರಣ ಕೋಣೆಯಲ್ಲಿ ಸುಮಾರು 200 ಹರ್ಟ್ಸಿನ ಕೆಳಗೆ ನಾವು ಕೇಳುವುದರಲ್ಲಿ ಸ್ಪೀಕರಿಗಿಂತ ಕೋಣೆಯ ಪಾಲು ದೊಡ್ಡದು. ಅಂಗಡಿಯಲ್ಲಿ ‘ಇದರ ಬೇಸ್ ಬಿಗಿ, ಅದರದ್ದು ಸಡಿಲ’ ಅಂತ ಬರೆದುಕೊಂಡು ಬಂದರೆ ಆ ಟಿಪ್ಪಣಿ ಅಂಗಡಿಯ ಗೋಡೆಗಳ ಬಗ್ಗೆ. ಸ್ಪೀಕರಿನ ನಿಜವಾದ ಗುಣ ಗೊತ್ತಾಗುವುದು ಆ 200 ಹರ್ಟ್ಸಿನ ಮೇಲೆ: ಗಾಯಕರ ಕಂಠ, ತಂಬೂರಿ, ಸಾರಂಗಿ ಇರುವ ಕಡೆ. ಅಲ್ಲಿಯೂ ಎದುರಿಗೆ ಬರುವ ಧ್ವನಿಯ ಜತೆಗೆ ಪಕ್ಕಕ್ಕೆ ಹೋಗುವ ಧ್ವನಿಯನ್ನೂ ಲೆಕ್ಕ ಹಿಡಿಯಬೇಕು.

ಪಕ್ಕಕ್ಕೆ ಹೋದ ಧ್ವನಿ ನಮಗ್ಯಾಕೆ? ಅದು ಪಕ್ಕದ ಗೋಡೆಗೆ ಬಡಿದು ಕೆಲವೇ ಮಿಲಿಸೆಕೆಂಡು ತಡವಾಗಿ ನಮ್ಮ ಕಿವಿಗೇ ಬರುತ್ತದೆ. ಕಿವಿ ಅದನ್ನು ಬೇರೆ ಧ್ವನಿ ಎಂದು ಎಣಿಸುವುದಿಲ್ಲ, ಮೊದಲನೆಯದಕ್ಕೇ ಸೇರಿಸಿಕೊಳ್ಳುತ್ತದೆ. ನೇರ ಬಂದದ್ದು ಒಂದು ಬಣ್ಣ, ಗೋಡೆಯಿಂದ ಬಂದದ್ದು ಇನ್ನೊಂದು ಬಣ್ಣವಾದರೆ ಕಂಠ ಎಲ್ಲೋ ಕಲಸಿಹೋದಂತೆ ಅನಿಸುತ್ತದೆ.

ಎರಡು ಬಣ್ಣ ಯಾಕೆ ಆಗುತ್ತದೆಂದರೆ, ಕೋನು ತನ್ನ ಅಗಲಕ್ಕಿಂತ ಉದ್ದವಾದ ಅಲೆಗಳನ್ನು ಸುತ್ತಲೂ ಚೆಲ್ಲುತ್ತದೆ. ತನ್ನ ಅಗಲಕ್ಕೆ ಸಮನಾದ ಮತ್ತು ಅದಕ್ಕಿಂತ ಚಿಕ್ಕ ಅಲೆಗಳನ್ನು ಬ್ಯಾಟರಿ ಬೆಳಕಿನಂತೆ ಮುಂದಕ್ಕಷ್ಟೇ ಬಿಡುತ್ತದೆ. ತಗ್ಗಿನ ಸ್ವರಗಳನ್ನು ನುಡಿಸುವ ಆರೂವರೆ ಇಂಚಿನ ವೂಫರಿನಲ್ಲಿ ಅಲುಗುವ ಭಾಗ ಸುಮಾರು 13 ಸೆಂಟಿಮೀಟರ್. 2,600 ಹರ್ಟ್ಸಿನ ಅಲೆಯ ಉದ್ದವೂ ಅಷ್ಟೇ. ಎರಡು ಡ್ರೈವರಿನ (ಧ್ವನಿ ಹೊಮ್ಮಿಸುವ ಘಟಕ) ಎಷ್ಟೋ ಸ್ಪೀಕರ್‌ಗಳಲ್ಲಿ ವೂಫರು ಕೆಲಸವನ್ನು ಮೇಲಿನ ಸ್ವರಗಳ ಟ್ವೀಟರಿಗೆ ಒಪ್ಪಿಸುವುದು 2,000–3,000 ಹರ್ಟ್ಸಿನ ನಡುವೆ. ಒಪ್ಪಿಸುವ ಗಳಿಗೆಯಲ್ಲಿ ವೂಫರು ಬ್ಯಾಟರಿ ಬೆಳಕು, ಒಂದಿಂಚಿನ ಟ್ವೀಟರು ಬಯಲಿನ ಬೆಳಕು. ನೇರ ಎದುರಿಗೆ ಅಳೆದರೆ, ಯಾವ ಸ್ವರ ಎಷ್ಟು ಜೋರು ಎಂದು ತೋರಿಸುವ ಗೆರೆ ಸಪಾಟಾಗಿಯೇ ಇರುತ್ತದೆ. ಪಕ್ಕಕ್ಕೆ ನಿಂತು ಅಳೆದರೆ ಅಲ್ಲೊಂದು ತಗ್ಗು, ಅದರ ಮೇಲೊಂದು ದಿಬ್ಬ. ನಮ್ಮ ಕಿವಿ ಅತ್ಯಂತ ಚುರುಕಾಗಿರುವುದೂ ಅದೇ ಸೀಮೆಯಲ್ಲಿ.

ಹೈ-ಎಂಡ್ ಸ್ಪೀಕರ್‌ಗಳ ಮನೆತನಗಳನ್ನು ಈ ಒಂದು ತೊಂದರೆಯನ್ನು ಯಾರು ಹೇಗೆ ಬಗೆಹರಿಸಿದರು ಎಂದು ನೋಡುತ್ತ ಹೋದರೆ ಸುಲಭವಾಗಿ ಗುರುತಿಸಬಹುದು.

ನನಗೆ ಹತ್ತಿರದ್ದು ಬಿಬಿಸಿ ಮನೆತನ, ಹಾಗಾಗಿ ಮೊದಲು ಅದು. 1970ರ ದಶಕದ ಆರಂಭದಲ್ಲಿ ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ ಎಲ್ಎಸ್3/5ಎ ಎಂಬ ಪುಟ್ಟ ಮಾನಿಟರ್ (ಧ್ವನಿ ತಪಾಸಣೆಯ ಸ್ಪೀಕರ್) ರೂಪಿಸಿತು. ಬೂಟಿನ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಐದಿಂಚಿನ ಕೋನು. ಕೋನು ಸಣ್ಣದಾದಷ್ಟೂ ಆ ಬ್ಯಾಟರಿ ಬೆಳಕಿನ ತೊಂದರೆ ತಡವಾಗಿ ಶುರುವಾಗುತ್ತದೆ. ಪೆಟ್ಟಿಗೆಯ ಗೋಡೆಗಳು ತೆಳು ಪ್ಲೈವುಡ್. ಅದಕ್ಕೆ ಒಳಗಿನಿಂದ ಅದುರು ನುಂಗುವ ಹಾಳೆ. ಬಿಬಿಸಿಯಲ್ಲಿದ್ದ ಡಡ್ಲಿ ಹಾರ್ವುಡ್ 1977ರಲ್ಲಿ ಕಟ್ಟಿದ ಹಾರ್ಬೆತ್ ಕಂಪನಿ ಇಂದಿಗೂ ಇದೇ ದಾರಿಯಲ್ಲಿದೆ. ಅವರ ಮೊದಲ ಅಳತೆಗೋಲು ಮನುಷ್ಯನ ಮಾತು: ಸ್ಟುಡಿಯೊದಲ್ಲಿ ಓದುವವನ ದನಿಗೂ ಡಬ್ಬಿಯಿಂದ ಬರುವ ದನಿಗೂ ಎಷ್ಟು ಅಂತರ? 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಕೇಳುತ್ತ ಬೆಳೆದವರಿಗೆ ಈ ಅಳತೆಗೋಲು ಒಗ್ಗುತ್ತದೆ. ಈ ಪುಟ್ಟ ಸ್ಪೀಕರುಗಳಲ್ಲಿ ಬೇಸ್ ಕಡಿಮೆ, ಜೋರಾಗಿ ಹಾಡಿಸಿದರೆ ಸೋಲುತ್ತವೆ. ಖಯಾಲ್ ಕೇಳುವವರಿಗೆ ಎರಡೂ ದೊಡ್ಡ ನಷ್ಟವಲ್ಲ.

ಎರಡನೆಯ ದಾರಿ, ಟ್ವೀಟರನ್ನು ವೂಫರಿನ ಹೊಟ್ಟೆಯೊಳಗೇ ಕೂರಿಸುವುದು. ಟ್ಯಾನಾಯ್ 1947ರಿಂದ ಮಾಡುತ್ತಿದೆ, ಕೆಇಎಫ್ 1988ರಲ್ಲಿ ಯುನಿ-ಕ್ಯೂ ಹೆಸರಲ್ಲಿ ತಂದಿತು. ಟ್ವೀಟರಿನ ಸುತ್ತಲಿನ ಕೋನೇ ಅದಕ್ಕೆ ತುತ್ತೂರಿಯ ಬಾಯಾಗಿ, ಇಬ್ಬರೂ ಒಂದೇ ಅಗಲಕ್ಕೆ ಧ್ವನಿ ಚೆಲ್ಲುತ್ತಾರೆ. ಸಣ್ಣ ಕೋಣೆಯಲ್ಲಿ ಹತ್ತಿರ ಕೂತು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ. 2012ರ ಎಲ್ಎಸ್50 ಅಷ್ಟು ಜನಪ್ರಿಯವಾದದ್ದು ಸುಮ್ಮನೆ ಅಲ್ಲ.

ಮೂರನೆಯದು ದೊಡ್ಡವರ ದಾರಿ. ನಡುವಿನ ಸ್ವರಗಳಿಗೆಂದೇ ಬೇರೆ ಡ್ರೈವರು, ಕೆಳಗೆ ಎರಡು ಮೂರು ವೂಫರು, ಅಲುಗದಂಥ ಭಾರದ ಪೆಟ್ಟಿಗೆ. 1979ರಲ್ಲಿ ಬಂದು ಲಂಡನ್ನಿನ ಅಬಿ ರೋಡ್ ಸ್ಟುಡಿಯೊ ಸೇರಿದ ಬಿ ಅಂಡ್ ಡಬ್ಲ್ಯೂ 801ರ ವಂಶ, ಅಮೆರಿಕದ ವಿಲ್ಸನ್, ಅಲ್ಯುಮಿನಿಯಮ್ ಪೆಟ್ಟಿಗೆಯ ಮ್ಯಾಜಿಕೊ ಎಲ್ಲ ಇಲ್ಲಿ ಬರುತ್ತವೆ. ಲಕ್ಷಗಳು ಹೋಗುವುದು ಇಲ್ಲೇ. ಆ ದುಡ್ಡಿಗೆ ನಿಜವಾಗಿ ಸಿಗುವುದು ಮೂರು: ಆಳದ ಬೇಸ್, ಜೋರಾದರೂ ಗಂಟಲು ಕಟ್ಟದಿರುವುದು, ಪೆಟ್ಟಿಗೆಯ ಮೌನ. ಮಿಕ್ಕದ್ದು ಬಣ್ಣ, ಮೆರುಗು, ಹಡಗಿನ ಬಾಡಿಗೆ, ಸುಂಕ. ಮೊದಲನೆಯದನ್ನು 16 ಅಡಿ ಕೋಣೆ ಅರ್ಧ ಹಾಳು ಮಾಡುತ್ತದೆ, ಎರಡನೆಯದರ ಅಗತ್ಯ ಅಂಥ ಕೋಣೆಯಲ್ಲಿ ಅಪರೂಪ. ಮೂರನೆಯದು ಮಾತ್ರ ಎಲ್ಲ ಕೋಣೆಯಲ್ಲೂ ಕೇಳುತ್ತದೆ.

ಎಲೆಕ್ಟ್ರೊಸ್ಟಾಟಿಕ್ ಎಂದರೆ ಪೆಟ್ಟಿಗೆಯೇ ಇಲ್ಲದ, ಪರದೆಯಂಥ ಸ್ಪೀಕರು. ತೆಳುವಾದ ಪ್ಲಾಸ್ಟಿಕ್ ಹಾಳೆಗೆ ಸಾವಿರಾರು ವೋಲ್ಟಿನ ವಿದ್ಯುತ್ ತುಂಬಿ, ಎರಡು ಜಾಲರಿಗಳ ನಡುವೆ ಅಲುಗಿಸುತ್ತಾರೆ. ಇಂಗ್ಲೆಂಡಿನ ಕ್ವಾಡ್ ಕಂಪನಿ 1957ರಲ್ಲಿ ಮಾರಾಟಕ್ಕೆ ತಂದ ಇಎಸ್ಎಲ್ ಎಂಬ ಮಾದರಿಯನ್ನು ಇವತ್ತಿಗೂ ಹುಡುಕುವವರಿದ್ದಾರೆ. ಮುಂದೆ ಎಷ್ಟು ಧ್ವನಿಯೋ ಹಿಂದೆಯೂ ಅಷ್ಟೇ, ಪಕ್ಕಕ್ಕೆ ತೀರ ಕಡಿಮೆ. ಹಾಗಾಗಿ ಪಕ್ಕದ ಗೋಡೆಯ ಜಗಳವೇ ಇಲ್ಲ, ಆದರೆ ಬೆನ್ನ ಹಿಂದೆ ಖಾಲಿ ಜಾಗ ಬೇಕೇ ಬೇಕು. ಹೆಣ್ಣುಕಂಠ ಇದರಷ್ಟು ಸಹಜವಾಗಿ ಇನ್ನೊಂದರಲ್ಲಿ ನಾನು ಕೇಳಿಲ್ಲ. ಆದರೂ ಹುಬ್ಬಳ್ಳಿಯವರಿಗೆ ಶಿಫಾರಸು ಮಾಡಲಾರೆ. ವಿದ್ಯುತ್ ತುಂಬಿದ ಹಾಳೆ ಧೂಳನ್ನು ಎಳೆದುಕೊಳ್ಳುತ್ತದೆ. ಧೂಳಿನ ವಿಷಯದಲ್ಲಿ ನಮ್ಮ ಊರಿಗೆ ಬಡತನವಿಲ್ಲ. ಧಾರವಾಡದ ಜಿಟಿಜಿಟಿ ಮಳೆಯ ತಂಡಿ ಅದಕ್ಕೆ ಇನ್ನೊಂದು ವೈರಿ.

ಹಾರ್ನ್ ಸ್ಪೀಕರ್ ಎಂದರೆ ನಮಗೆ ಜಾತ್ರೆಯ ಕಂಬದ ಮೇಲಿನ ಭೋಂಗಾ ನೆನಪಾಗುತ್ತದೆ. ತತ್ವ ಅದೇ. ಪಾಲ್ ಕ್ಲಿಪ್ಷ್ 1946ರಲ್ಲಿ ಕೋಣೆಯ ಮೂಲೆಯನ್ನೇ ಹಾರ್ನಿನ ಮುಂದುವರಿಕೆ ಮಾಡಿಕೊಂಡ ಕ್ಲಿಪ್ಷ್‌ಹಾರ್ನ್ ತಂದರು. ಸಣ್ಣ ಆಂಪ್ಲಿಫಯರಿಗೂ ಗುಡುಗುತ್ತದೆ. ಆಕ್ಟಿವ್ ಸ್ಪೀಕರ್‌ಗಳದ್ದು ಇನ್ನೊಂದು ಬಗೆ: ಆಂಪ್ಲಿಫಯರ್ ಒಳಗೇ ಇದೆ, ಇತ್ತೀಚಿನವುಗಳಲ್ಲಿ ಲೆಕ್ಕಾಚಾರವೂ ಚಿಪ್ಪಿನದು. 1978ರಿಂದ ಫಿನ್ಲೆಂಡಿನ ಜೆನೆಲೆಕ್ ಸ್ಟುಡಿಯೊಗಳಿಗೆ ಇವನ್ನು ಮಾಡುತ್ತ ಬಂದಿದೆ. ನೋಡಲು ಚೆಲುವಲ್ಲ, ಆದರೆ ಕೋಣೆಯ ಉಬ್ಬನ್ನು ಅಳೆದು ತಗ್ಗಿಸುವ ಸೌಲಭ್ಯ ಹಲವು ಮಾದರಿಗಳಲ್ಲಿದೆ. ಗೆಳೆಯ ಮೊದಲೇ ಕೇಳಿದ್ದರೆ ಇದನ್ನೇ ಹೇಳುತ್ತಿದ್ದೆ.

ಇನ್ನು ಹೋಲಿಸುವ ಬಗೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ, ಆಮೇಲೆ ಹರ್ಮನ್ ಕಂಪನಿಯಲ್ಲಿ ಫ್ಲಾಯ್ಡ್ ಟೂಲ್ ದಶಕಗಳ ಕಾಲ ಪರದೆಯ ಹಿಂದೆ ಸ್ಪೀಕರ್ ಇಟ್ಟು ಜನರಿಂದ ಅಂಕ ಹಾಕಿಸಿದರು. ಕಣ್ಣಿಗೆ ಕಾಣದಿದ್ದಾಗ ಹೆಚ್ಚಿನವರು ಮೆಚ್ಚಿದ್ದು ಎದುರಿಗೆ ಸಪಾಟು, ಪಕ್ಕಕ್ಕೂ ನಯವಾಗಿ ಇಳಿಯುವ ಗೆರೆಯುಳ್ಳ ಸ್ಪೀಕರುಗಳನ್ನು. ಪರದೆ ತೆಗೆದರೆ ಅದೇ ಜನರ ಅಂಕಗಳು ಗಾತ್ರ, ಬೆಲೆ, ಹೆಸರಿನ ಕಡೆ ವಾಲಿದವು. ಇನ್ನೊಂದು ಸಂಗತಿ ನಮಗೆ ಬಹಳ ಉಪಯೋಗದ್ದು: ಎರಡು ಸ್ಪೀಕರ್ ಒಟ್ಟಿಗೆ ಹಾಡುವಾಗಿನದಕ್ಕಿಂತ ಒಂದೇ ಹಾಡುವಾಗ ಕೇಳುಗರಿಗೆ ದೋಷ ಚೆನ್ನಾಗಿ ಗೊತ್ತಾಗುತ್ತದೆ. ಗಂಗೂಬಾಯಿ ಹಾನಗಲ್ಲರ, ಮಲ್ಲಿಕಾರ್ಜುನ ಮನ್ಸೂರರ, ಬಸವರಾಜ ರಾಜಗುರುಗಳ ಹಳೆಯ ಧ್ವನಿಮುದ್ರಣಗಳಲ್ಲಿ ಎಷ್ಟೋ ಮೊನೊದಲ್ಲೇ (ಒಂದೇ ಚಾನೆಲಿನಲ್ಲಿ) ಇವೆ. ಅವನ್ನೇ ಬಳಸಿ. ಒಂದೇ ಸ್ಪೀಕರ್ ಹಚ್ಚಿ ಕೇಳಿ. ಗಂಗೂಬಾಯಿಯವರ ಆ ಗಂಭೀರ ದನಿ ಎದೆಯಿಂದ ಬರಬೇಕು, ಡಬ್ಬಿಯಿಂದಲ್ಲ.

ಆದರೆ 78 ಆರ್‌ಪಿಎಂ ತಟ್ಟೆಗಳ ಕಾಲದ ರೆಕಾರ್ಡಿಂಗನ್ನು ಹೋಲಿಕೆಗೆ ತರಬೇಡಿ. ಮೇಲಿನ ಸ್ವರಗಳು ಅದರಲ್ಲಿ ಇರುವುದೇ ಇಷ್ಟು, ಮಿಕ್ಕದ್ದು ಚರಚರ. ದುಬಾರಿ ಸ್ಪೀಕರ್ ಆ ಚರಚರವನ್ನು ಇನ್ನೂ ಶ್ರದ್ಧೆಯಿಂದ ಕೇಳಿಸುತ್ತದೆ.

ನನ್ನ ಪರೀಕ್ಷೆ ಮಾತ್ರ ಒಂದೇ, ತಂಬೂರಿ. ಹಾಡು ಶುರುವಾಗುವ ಮೊದಲ ಅರ್ಧ ನಿಮಿಷ ಸಾಕು. ತಂತಿಗೆ ಆಧಾರವಾದ ಕುದುರೆಯ (ಬ್ರಿಜ್) ಮೇಲೆ ತಂತಿಯ ಕೆಳಗೆ ನೂಲಿನ ಎಳೆ ಸರಿಸಿ ಜವಾರಿ, ಅಂದರೆ ಆ ಝೇಂಕಾರ, ಕೂರಿಸುತ್ತಾರಲ್ಲ, ಅಲ್ಲಿ ತಂತಿ ಅಗಲವಾದ ಕುದುರೆಯ ಬೆನ್ನನ್ನು ಮುಟ್ಟಿ ಮುಟ್ಟಿ ಬಿಡುತ್ತದೆ. ಸಾಧಾರಣ ತಂತಿಯನ್ನು ಒಂದು ಬಿಂದುವಿನಲ್ಲಿ ಮೀಟಿದರೆ ಆ ಬಿಂದುವಿನಲ್ಲಿ ನಿಶ್ಚಲವಾಗಿರುವ ಉಪಸ್ವರಗಳು ಹುಟ್ಟಬಾರದು, ತಂಬೂರಿಯಲ್ಲಿ ಹುಟ್ಟುತ್ತವೆ. ಸಿ.ವಿ. ರಾಮನ್ 1921ರಲ್ಲೇ ಇದನ್ನು ಗಮನಿಸಿ ಬರೆದಿದ್ದರು. ಹೀಗೆ ಒಂದು ಮೀಟಿಗೆ ಉಪಸ್ವರಗಳ ದೊಡ್ಡ ಸಾಲೇ ಏಳುತ್ತದೆ, ನೂರರ ಹತ್ತಿರದಿಂದ ಹಲವು ಸಾವಿರ ಹರ್ಟ್ಸಿನವರೆಗೆ, ಒಂದಾದ ಮೇಲೊಂದು ಅರಳುತ್ತ. ವೂಫರಿನಿಂದ ಟ್ವೀಟರಿಗೆ ಕೆಲಸ ದಾಟುವ ಜಾಗವನ್ನು ಅದು ಪ್ರತಿ ಮೀಟಿಗೂ ಹಾಯುತ್ತದೆ. ಒಳ್ಳೆಯ ಸ್ಪೀಕರಿನಲ್ಲಿ ನಾಲ್ಕು ತಂತಿ ಸೇರಿ ಒಂದು ಮಂಡಲ. ಕೆಟ್ಟದ್ದರಲ್ಲಿ ಮೇಲೆ ಒಂದು ಜೇನ್ನೊಣದ ಹಿಂಡು, ಕೆಳಗೆ ಒಂದು ಗುಂಗು, ನಡುವೆ ಬಿರುಕು. ಕೂತಲ್ಲಿಂದ ಎದ್ದು ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ಕೇಳಿ. ಬಣ್ಣ ಪೂರ್ತಿ ಬದಲಾದರೆ ಆ ಸ್ಪೀಕರಿನ ಪಕ್ಕದ ಧ್ವನಿ ಸರಿಯಿಲ್ಲ.

ಎರಡು ಸ್ಪೀಕರ್ ಹೋಲಿಸುವಾಗ ಧ್ವನಿಯ ಮಟ್ಟ ಒಂದೇ ಇರಲಿ. ಒಂದು ಡೆಸಿಬೆಲ್ ಜೋರಾದದ್ದು ‘ಜೋರು’ ಎಂದು ಅನಿಸುವುದಿಲ್ಲ, ‘ಚಲೋ’ ಎಂದು ಅನಿಸುತ್ತದೆ. ಮೊಬೈಲಿನ ಧ್ವನಿಮಾಪಕ ಆಪ್ ಸಂಖ್ಯೆಯಲ್ಲಿ ಸುಳ್ಳು ಹೇಳಬಹುದು, ಎರಡರ ನಡುವಿನ ವ್ಯತ್ಯಾಸ ಹೇಳಲು ಅದೇ ಸಾಕು. ವ್ಯಾಟಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. 86 ಡೆಸಿಬೆಲ್ ಸೆನ್ಸಿಟಿವಿಟಿಯ (ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಕೇಳುವ ಮಟ್ಟ) ಸ್ಪೀಕರನ್ನು ಹತ್ತಡಿ ದೂರದಿಂದ, ಬೈಠಕ್ಕಿನಲ್ಲಿ ಕೇಳುವಷ್ಟು ಜೋರಾಗಿ ಕೇಳಲು ಏರುದನಿಯ ತಾನಿಗೂ ಬೇಕಾಗುವುದು ಐದಾರು ವ್ಯಾಟು. 50 ವ್ಯಾಟಿನ ಆಂಪ್ಲಿಫಯರ್ ಧಾರಾಳವಾಯಿತು. ತಂತಿಯ ವಿಷಯವಂತೂ ಇನ್ನೂ ಸರಳ: ಕೊಪ್ಪಿಕರ್ ರಸ್ತೆಯ ಯಾವುದೇ ಇಲೆಕ್ಟ್ರಿಕಲ್ ಅಂಗಡಿಯ 2.5 ಚದರ ಮಿ.ಮೀ. ತಾಮ್ರದ ವಾಯರು. ಮುಗಿಯಿತು.

ಗೆಳೆಯನ ಕೋಣೆಗೆ ಮರಳೋಣ. ಡಗ್ಗಾ ಸರಿಹೋದರೂ ಕಂಠಕ್ಕೆ ಬಚ್ಚಲುಮನೆಯ ಛಾಯೆ ಉಳಿದಿತ್ತು. ಚಪ್ಪಾಳೆ ಹೊಡೆದರೆ ಒಂದೂವರೆ ಸೆಕೆಂಡು ಉಲಿಯುತ್ತಿತ್ತು. ಹಾರ್ವರ್ಡಿನ ವ್ಯಾಲೇಸ್ ಸಬೈನ್ 1895ರಲ್ಲಿ ಇಂಥದೇ ಒಂದು ಉಪನ್ಯಾಸ ಕೊಠಡಿ ಸರಿಪಡಿಸಲು ಹೋಗಿ, ಪಕ್ಕದ ಸಭಾಂಗಣದ ದಿಂಬುಗಳನ್ನು ರಾತ್ರಿಯೆಲ್ಲ ಹೊತ್ತು ತಂದು ಹಾಸಿ ಅಳೆಯುತ್ತಿದ್ದರು. ಅವರು ಕಂಡುಕೊಂಡ ಸೂತ್ರ ಇಂದಿಗೂ ನಡೆಯುತ್ತದೆ: ಕೋಣೆಯ ಘನಮೀಟರನ್ನು 0.161ರಿಂದ ಗುಣಿಸಿ, ಧ್ವನಿ ನುಂಗುವ ಒಟ್ಟು ಚದರಮೀಟರಿನಿಂದ ಭಾಗಿಸಿ, ಬರುವ ಉತ್ತರ ಉಲಿತದ ಸೆಕೆಂಡುಗಳು. ಗೆಳೆಯನ ಕೋಣೆ ಸುಮಾರು 54 ಘನಮೀಟರ್. ಅರ್ಧ ಸೆಕೆಂಡಿಗಿಂತ ಕೆಳಗಿಳಿಸಲು ಇಪ್ಪತ್ತು ಚದರಮೀಟರಿನಷ್ಟು ನುಂಗುವಿಕೆ ಬೇಕು, ಇದ್ದದ್ದು ಐದಾರು.

ಅವನ ತಾಯಿ ಅಟ್ಟದಿಂದ ಕೌದಿಗಳನ್ನು ಇಳಿಸಿದರು. ನೆಲಕ್ಕೆ ನವಲಗುಂದದ ಜಮಖಾನೆ ಬಂತು. ಉಲಿತ ತಗ್ಗಿತು, ಆದರೆ ಧ್ವನಿ ಮಂಕಾಯಿತು. ತೆಳು ಬಟ್ಟೆ ನುಂಗುವುದು ಮೇಲಿನ ಸ್ವರಗಳನ್ನಷ್ಟೇ. ನಡುವಿನದಕ್ಕೆ ನಾಲ್ಕಾರು ಇಂಚಿನ ದಪ್ಪ ಬೇಕು. ಜಮಖಾನೆ ಉಳಿಸಿಕೊಂಡು, ಗಾದಿ ಮಾಡುವವನಿಗೆ ಹೇಳಿ ಐದಿಂಚಿನ ಹತ್ತಿಯ ಗಾದಿ ನಾಲ್ಕು ಹೊಲಿಸಿದೆವು. ಬಟ್ಟೆ ಖಾದಿ. ಗೋಡೆಯಿಂದ ಮೂರಿಂಚು ಬಿಟ್ಟು ಚೌಕಟ್ಟಿನಲ್ಲಿ ನಿಲ್ಲಿಸಿದೆವು. ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲು ಒಬ್ಬರು ಸೋಫಾದಲ್ಲಿ ಕೂತು, ಇನ್ನೊಬ್ಬರು ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸುತ್ತ ಹೋಗಬೇಕು. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗವೇ ಗಾದಿಯ ಜಾಗ. ಕನ್ನಡಿ ಹಿಡಿದವರು ಗೆಳೆಯನ ಹೆಂಡತಿ. ಪುಸ್ತಕದ ಕಪಾಟು ಹಿಂದಿನ ಗೋಡೆಗೆ ಹೋಯಿತು. ಸ್ಪೀಕರಿನ ಹಿಂಬದಿಯಲ್ಲಿ ಬೇಸಿಗೆಂದು ಬಿಟ್ಟ ತೂತಿಗೆ ಸುತ್ತಿದ ಸಾಕ್ಸ್ ತುರುಕಿ, ಉಳಿದ ಸ್ವಲ್ಪ ಗುಂಗನ್ನೂ ಕೊಂದೆವು. ಇಷ್ಟು ಲಕ್ಷದ ವಸ್ತುವಿಗೆ ಸಾಕ್ಸ್ ತುರುಕುತ್ತೀರಲ್ಲ ಅಂತ ಅವನ ಮಗ ನಕ್ಕ.

ಧಾರವಾಡದ ಮಾಳಮಡ್ಡಿಯ ಹಳೆಯ ಹಂಚಿನ ಮನೆಗಳಲ್ಲಿ ಈ ರಾಮಾಯಣದ ಅರ್ಧ ಇರುವುದಿಲ್ಲ. ಇಳಿಜಾರು ಮಾಡಿಗೆ ಸಮಾನಾಂತರ ಮೇಲ್ಮೈ ಇಲ್ಲ, ಬೇಸ್ ಹಂಚಿನ ಸಂದುಗಳಿಂದ ಹೊರಗೆ ಸೋರಿಹೋಗುತ್ತದೆ. ಮಂಗಗಳ ಕುಣಿತವೂ ಅಲ್ಲಿಂದಲೇ ಒಳಗೆ ಬರುತ್ತದೆ, ಅದಿರಲಿ.

ಒಂದು ತಕರಾರು ಮಾತ್ರ ಉಳಿಯಿತು. ನಾಲ್ಕಡಿ ಮುಂದೆ ನಿಂತ ಸ್ಪೀಕರ್‌ಗಳಿಂದ ಹಾಲಿನಲ್ಲಿ ಓಡಾಡಲು ಜಾಗ ಸಾಲದು. ರಾಜಿಯಾಯಿತು: ಹಗಲು ಗೋಡೆಗೆ, ರಾತ್ರಿ ಊಟವಾದ ಮೇಲೆ ನಾಲ್ಕಡಿ ಮುಂದಕ್ಕೆ. ನೆಲದ ಮೇಲೆ ಟೇಪಿನಿಂದ ಗುರುತು ಮಾಡಿ, ಟೈಲ್ಸಿಗೆ ಗೀರು ಬೀಳದ ಹಾಗೆ ಸ್ಪೀಕರಿನ ಕಾಲಿಗೆ ಕಂಬಳಿಯ ತುಂಡು ಅಂಟಿಸಿ ಕೊಟ್ಟು ಬಂದೆ.